ಬರ್ತೇನ್ರಿ ಅಂದ ಮೇಲೆ

ಬೆಳಗಾವಿಯಲ್ಲಿ ಒಬ್ಬರ ಮನೆಯಿಂದ ಹೊರಡುವುದು ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ "ಬರ್ತೇನ್ರಿ ಹಂಗಾರ" ಅನ್ನುವುದು ಮೊದಲನೆಯದು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. "ಕೂಡ್ರೀ, ಏನ್ ಗಡಬಿಡಿ ಐತಿ, ಚಾ ಇಟ್ಟೇನಿ" ಎಂದು ಅಡಿಗೆಮನೆಯಿಂದ ದನಿ ಬರುತ್ತದೆ. ಚಹಾದ ಜೊತೆ ತಟ್ಟೆಯಲ್ಲಿ ಎರಡು ಚಮಚ ಕುಂದಾ ಬಂತೆಂದರೆ ಇನ್ನರ್ಧ ತಾಸು ಹೋಯಿತು. ಎರಡನೆಯದು ಹೊಸ್ತಿಲಲ್ಲಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತ. ಮೂರನೆಯದು ಗೇಟಿನಲ್ಲಿ, ಗಾಡಿ ಚಾಲೂ ಮಾಡಿದ ಮೇಲೆ. ಟಿಳಕವಾಡಿಯಲ್ಲಾಗಲಿ ಶಹಾಪುರದ ಗಲ್ಲಿಗಳಲ್ಲಾಗಲಿ ಸಂಜೆ ಹೊತ್ತು ನಡೆದು ಹೋದರೆ ಇಂಥ ಒಂದೆರಡು ಗೇಟುಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಗಾಡಿ ಗುರುಗುಡುತ್ತಿದೆ, ಹೊರಡುವವರು ಹೊರಟಿಲ್ಲ, ಕಳಿಸಲು ಬಂದವರು ಒಳಗೆ ಹೋಗಿಲ್ಲ. ಕೊನೆಗೆ ಗಾಡಿಯನ್ನೇ ಬಂದ್ ಮಾಡುತ್ತಾರೆ.

ಗಾಡಿ ಬಂದ್ ಆಯಿತೆಂದರೆ ನಿಜವಾದ ಮಾತು ಶುರುವಾಯಿತೆಂದು ತಿಳಿಯಬೇಕು. "ಅಂದಂಗ..." ಎಂದು ಅದು ಹೊರಡುತ್ತದೆ. ಒಳಗೆ ಒಂದು ತಾಸು ಮಳೆ, ತರಕಾರಿ ದರ, ಗೋವಾವೇಸ್ ಸರ್ಕಲ್ಲಿನ ಟ್ರಾಫಿಕ್ಕು ಎಂದು ಮಾತಾಡಿದವರು ಗೇಟಿಗೆ ಕೈಯಾನಿಸಿ ನಿಂತಾಗ, ಮಗ ಪುಣೆಯ ನೌಕರಿ ಬಿಟ್ಟು ಬಂದು ಮನೆಯಲ್ಲಿ ಕೂತಿದ್ದಾನೆ ಅನ್ನುತ್ತಾರೆ. ಡಾಕ್ಟರು ಇನ್ನೊಂದು ಸ್ಕ್ಯಾನಿಂಗ್ ಬರೆದುಕೊಟ್ಟಿದ್ದಾರೆ, ಇವರಿಗಿನ್ನೂ ಹೇಳಿಲ್ಲ ಅನ್ನುತ್ತಾರೆ. ಊರಿನ ಹೊಲದ ಹಿಸ್ಸೆಯಲ್ಲಿ ತಮ್ಮ ಮಾತು ಬಿಟ್ಟದ್ದು, ಸೊಸೆ ತವರಿಗೆ ಹೋಗಿ ತಿಂಗಳಾದದ್ದು, ಇವೆಲ್ಲ ಹೊರಬೀಳುವುದು ಅಲ್ಲಿಯೇ.

ಯಾಕೆ ಹೀಗೆ ಎಂದು ಬಹಳ ಸಲ ಯೋಚಿಸಿದ್ದೇನೆ. ಒಳಗೆ ಎದುರುಬದುರು ಕೂತಾಗ ಮುಖ ನೋಡಿಕೊಂಡು ಹೇಳುವುದು ಕಷ್ಟ. ಗೇಟಿನಲ್ಲಿ ನಸುಗತ್ತಲೆ ಇರುತ್ತದೆ, ಇಬ್ಬರ ಕಣ್ಣೂ ರಸ್ತೆಯ ಕಡೆ ಇರುತ್ತವೆ. ಅದಕ್ಕಿಂತ ಹೆಚ್ಚಿನದೆಂದರೆ, ಹೊರಟವರು ಹೊರಡದೆ ನಿಂತರಲ್ಲ, ಅದೇ ಹೇಳುವವರಿಗೆ ಸಿಕ್ಕ ಧೈರ್ಯ. ಇವರಿಗೆ ಕೇಳುವ ಮನಸ್ಸಿದೆ ಎಂದು ಖಾತ್ರಿಯಾದ ಮೇಲೆಯೇ ಮನುಷ್ಯ ಬಾಯಿ ಬಿಡುವುದು. ಖಾತ್ರಿಯಾಗಲು ಹೊತ್ತು ಬೇಕು. ಮಳೆ, ತರಕಾರಿ, ಟ್ರಾಫಿಕ್ಕು ಎಲ್ಲ ಆ ಹೊತ್ತನ್ನು ತುಂಬಿ ಕೊಡುತ್ತವೆ.

ಈ ಗೇಟಿನ ಮಾತು ಫೋನಿನಲ್ಲಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ. ನಮ್ಮ ಅರ್ಧ ಬದುಕು ಈಗ ವಾಟ್ಸಾಪ್ ಗ್ರೂಪುಗಳಲ್ಲಿದೆ. ಬಳಗದ್ದೊಂದು, ಓಣಿಯದೊಂದು, ಮಹಿಳಾ ಮಂಡಳದ್ದೊಂದು, ಖಾನಾಪುರದಲ್ಲಿ ಜೊತೆಗೆ ಕಲಿತವರದೊಂದು. ಯಾರೋ ಏನೋ ಬರೆಯುತ್ತಾರೆ. ಐದು ನಿಮಿಷದಲ್ಲಿ ಅದರ ಬುಡದಲ್ಲಿ ಹೆಬ್ಬೆಟ್ಟು, ಕೆಂಪು ಹೃದಯ, ಮುಗಿದ ಕೈ ಸಾಲುಗಟ್ಟುತ್ತವೆ. ಬರೆದವರು ಸ್ವಲ್ಪ ಹೊತ್ತು ಕಾಯುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಮೊದಲನೆಯ "ಬರ್ತೇನ್ರಿ"ಗೇ ಮನೆಯವರು ಎದ್ದು ಬಾಗಿಲು ತೆಗೆದು ನಿಂತರೆ ಹೇಗಿರುತ್ತದೋ ಹಾಗೆ.

ಈ ಹೆಬ್ಬೆಟ್ಟಿನ ಗುಂಡಿಗೆ ದೊಡ್ಡ ವಯಸ್ಸೇನೂ ಆಗಿಲ್ಲ. ಫೇಸ್‌ಬುಕ್ ತನ್ನ ಲೈಕ್ ಬಟನ್ನನ್ನು ತಂದದ್ದು 2009ರ ಫೆಬ್ರುವರಿಯಲ್ಲಿ. 2016ರ ಫೆಬ್ರುವರಿಯಲ್ಲಿ ಅದರ ಪಕ್ಕಕ್ಕೆ ಪ್ರೀತಿ, ನಗು, ಬೆರಗು, ದುಃಖ, ಸಿಟ್ಟು ಬಂದು ಕೂತವು. ನಮ್ಮ ಕಡೆಯ ಮನೆಮನೆಗೂ ಈ ಅಭ್ಯಾಸ ಹೊಕ್ಕದ್ದು ಮಾತ್ರ ವಾಟ್ಸಾಪಿನಿಂದ. 2022ರ ಮೇ ತಿಂಗಳಲ್ಲಿ ಅದು ಸಂದೇಶಕ್ಕೆ ನೇರವಾಗಿ ಅಂಟಿಸುವ ಆರು ಗುರುತುಗಳನ್ನು ಕೊಟ್ಟಿತು: ಹೆಬ್ಬೆಟ್ಟು, ಹೃದಯ, ನಕ್ಕು ಕಣ್ಣೀರು ಬಂದ ಮುಖ, ಬೆರಗಿನ ಮುಖ, ಅಳುಮುಖ, ಮುಗಿದ ಕೈ. ಮುಂದೆರಡು ತಿಂಗಳಲ್ಲಿ ಯಾವ ಚಿತ್ರವನ್ನಾದರೂ ಅಂಟಿಸಬಹುದು ಎಂದಾಯಿತು. ಅಷ್ಟಿದ್ದರೂ ನಮ್ಮ ಗ್ರೂಪುಗಳು ಬಹುತೇಕ ಆ ಮೊದಲಿನ ಆರರಲ್ಲಿಯೇ, ಅದರಲ್ಲೂ ಹೆಬ್ಬೆಟ್ಟು ಮತ್ತು ಮುಗಿದ ಕೈಗಳಲ್ಲಿಯೇ ಸಂಸಾರ ಮಾಡಿಕೊಂಡಿವೆ.

ಇದರಿಂದಾದ ಉಪಕಾರವನ್ನೂ ಹೇಳಬೇಕು. ಶಾಲಾ ಮಾಸ್ತರರು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸಿಬ್ಬಂದಿ ಇವರ ಗ್ರೂಪುಗಳಲ್ಲಿ ಮೊದಲು ಒಂದು ಸುತ್ತೋಲೆ ಬಂತೆಂದರೆ ಅದರ ಹಿಂದೆ "ಓಕೆ ಸರ್", "ನೋಟೆಡ್ ಸರ್", "ಥ್ಯಾಂಕ್ಯೂ ಸರ್" ಎಂಬ ದಂಡು ಬರುತ್ತಿತ್ತು. ಸುತ್ತೋಲೆ ಎಲ್ಲಿ ಹೋಯಿತೆಂದು ಬೆರಳು ಸವೆಯುವಂತೆ ಹುಡುಕಬೇಕಾಗಿತ್ತು. ನಾಳೆ ನಳಕ್ಕೆ ನೀರು ಬರುವುದಿಲ್ಲ ಎಂಬ ಸುದ್ದಿಗೆ ಒಂದು ಹೆಬ್ಬೆಟ್ಟು ಸಾಕು, ಅದರ ಮೇಲೆ ಮಾತು ಬೇಕಿಲ್ಲ. ಇನ್ನು ಒತ್ತಕ್ಷರ ಹುಡುಕಿ ಹುಡುಕಿ ದಣಿಯುವ ನಮ್ಮ ಮಾವಶಿಯಂಥವರು ಇದ್ದಾರೆ. ಆಕೆಯ ಮುಗಿದ ಕೈ ಮುಂಜಾನೆ ಆರಕ್ಕೆ ಬಂತೆಂದರೆ ಆಕೆ ಎದ್ದಿದ್ದಾಳೆ, ಆರಾಮವಾಗಿದ್ದಾಳೆ, ದೇವರ ಪೂಜೆಗೆ ಹೂ ಕೊಯ್ಯಲು ಹೋಗುತ್ತಿದ್ದಾಳೆ ಎಂದು ಇಡೀ ಬಳಗಕ್ಕೆ ತಿಳಿಯುತ್ತದೆ. ಒಂದು ದಿನ ಬರದಿದ್ದರೆ ಫೋನು ಹೋಗುತ್ತದೆ. ಆ ಒಂದು ಚಿತ್ರವನ್ನು ನಾನು ಎಷ್ಟು ಶಬ್ದಗಳಿಗೂ ಬದಲು ಕೊಡುವುದಿಲ್ಲ.

ಹಿಂದೆ ಇಂಥದ್ದು ಇರಲಿಲ್ಲವೆಂದೂ ಅಲ್ಲ. ತಾರು ಇದ್ದ ಕಾಲದಲ್ಲಿ ಶುಭಾಶಯಗಳಿಗೆ ನಂಬರು ಇರುತ್ತಿದ್ದವು. ದೀಪಾವಳಿಗೆ ಒಂದು, ಈದ್‌ಗೆ ಒಂದು, ಪರೀಕ್ಷೆ ಪಾಸಾದವರಿಗೆ ಒಂದು, ಹೊಸ ದಂಪತಿಗೆ ಒಂದು. ಅಂಚೆ ಕಚೇರಿಯ ಕಿಟಕಿಯಲ್ಲಿ ಪಟ್ಟಿ ನೋಡಿ ನಂಬರು ಬರೆದುಕೊಟ್ಟರೆ ಆಚೆ ಊರಿನಲ್ಲಿ ಅದು ಪೂರ್ತಿ ವಾಕ್ಯವಾಗಿ ಮುಟ್ಟುತ್ತಿತ್ತು. ಮದುವೆ ಮನೆಯಲ್ಲಿ ಯಾರಾದರೂ ಹಿರಿಯರು ಆ ತಾರುಗಳನ್ನು ಒಂದೊಂದಾಗಿ ಓದುತ್ತಿದ್ದರು. ಎಲ್ಲದರಲ್ಲೂ ಅದೇ ವಾಕ್ಯ, ಕಳಿಸಿದವರ ಹೆಸರು ಮಾತ್ರ ಬೇರೆ. 2013ರ ಜುಲೈಯಲ್ಲಿ ತಾರು ನಿಂತಿತು. ಆದರೆ ಆ ನಂಬರಿನ ಶುಭಾಶಯ ಯಾರ ಪತ್ರವನ್ನೂ ತಿಂದು ಹಾಕಲಿಲ್ಲ. ತಾರು ಕೊಟ್ಟು ಬಂದವರು ಮದುವೆ ಮುಗಿದ ವಾರಕ್ಕೆ ಇನ್‌ಲ್ಯಾಂಡ್ ತೆಗೆದುಕೊಂಡು ಕೂರುತ್ತಿದ್ದರು, ಬರಲಾಗಲಿಲ್ಲವೆಂದು ಒಂದು ಪುಟದ ಕಾರಣ ಬರೆಯುತ್ತಿದ್ದರು.

ಪತ್ರದಲ್ಲೂ ಸಿದ್ಧ ಮಾತುಗಳು ಕಡಿಮೆ ಇರಲಿಲ್ಲ. ಮೇಲೆ ಶ್ರೀಕಾರ, ಆಮೇಲೆ "ಇತ್ತ ಎಲ್ಲರೂ ಕ್ಷೇಮ, ತಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಬೇಕು". ಉಭಯ ಕುಶಲೋಪರಿಯನ್ನು ನಮ್ಮ ಮನೆಯ ಹಿರಿಯರು ಮೂರು ಅಕ್ಷರಕ್ಕೆ ಇಳಿಸಿಬಿಟ್ಟಿದ್ದರು. ಆದರೂ ಅದು ಮುಗಿದ ಮೇಲೆ ಕಾಗದ ಖಾಲಿಯಾಗಿ ಉಳಿದಿರುತ್ತಿತ್ತು. ಅಷ್ಟು ಜಾಗ ಬಿಟ್ಟು ಅಂಟಿಸಿ ಕಳಿಸುವುದು ಯಾರಿಗೂ ಸರಿ ಕಾಣುತ್ತಿರಲಿಲ್ಲ. ದುಡ್ಡು ಕೊಟ್ಟ ಕಾಗದ. ಹಾಗಾಗಿ ಎಮ್ಮೆ ಈದದ್ದು, ಹಿತ್ತಲಿನ ಹಲಸು ಈ ವರ್ಷ ಬಿಡದೆ ಇದ್ದದ್ದು, ಪಕ್ಕದ ಮನೆಯ ಮುದುಕಿ "ಅಕಿ ಯಾವಾಗ ಬರ್ತಾಳ" ಎಂದು ದಿನಾ ಕೇಳುವುದು ಬಂದು ಬೀಳುತ್ತಿದ್ದವು. ಅಂಚಿನಲ್ಲಿ ಅಡ್ಡಡ್ಡ ಬರೆದ ಕೊನೆಯ ಸಾಲು ಎಷ್ಟೋ ಸಲ ಪತ್ರದ ತಿರುಳಾಗಿರುತ್ತಿತ್ತು.

ಮಾತು ಚಿಕ್ಕದಾಯಿತು ಎಂಬುದು ನನ್ನ ದೂರಲ್ಲ. ಚಿಕ್ಕ ಮಾತಿನ ಶಕ್ತಿಯನ್ನು ನಾನು ಕಂಡೇ ಬೆಳೆದವಳು. ಖಾನಾಪುರದಲ್ಲಿ ಮಳೆಗಾಲವೆಂದರೆ ಮಳೆ ಮಾತ್ರ ಇರುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲೂಕಿನಲ್ಲಿದೆ. ಆ ಕಡೆಯಿಂದ ಮೋಡ ಇಳಿದು ಬಂತೆಂದರೆ ಕರೆಂಟು ಹೋಗುತ್ತದೆ, ರಾತ್ರಿ ಎಂಟಕ್ಕೇ ನಡುರಾತ್ರಿಯಾಗುತ್ತದೆ. ಅಂಥ ಹೊತ್ತಿನಲ್ಲಿ ನಮ್ಮ ಆಯಿ ಕತೆ ಹೇಳಲು ಕೂರುತ್ತಿದ್ದಳು. ಅವಳದು ಒಂದೇ ಕರಾರು: "ಹೂಂ ಅನ್ನಾಕ ಯಾರಾರ ಇದ್ರ ಹೇಳ್ತೇನಿ, ಇಲ್ಲಾಂದ್ರ ಎಲ್ಲಾರೂ ಮಲಕೋರಿ." ನಾವು ಸರದಿ ಹಚ್ಚುತ್ತಿದ್ದೆವು. ಅವಳ ಒಂದೊಂದು ಸಾಲಿಗೂ ಕತ್ತಲೆಯಲ್ಲಿ ಒಂದು ಹೂಂ ಬೀಳಬೇಕು. ರಾಜಕುಮಾರ ಏಳು ಸಮುದ್ರ ದಾಟುವಾಗ ಹೂಂ ಸಣ್ಣಗಾದರೆ ಅವಳು ಸಮುದ್ರವನ್ನು ಬೇಗ ಮುಗಿಸಿಬಿಡುತ್ತಿದ್ದಳು. ರಾಕ್ಷಸಿಯ ಹೊಟ್ಟೆಯೊಳಗಿನ ಗಿಳಿಯ ಹತ್ತಿರ ನಮ್ಮ ಹೂಂ ಏರಿದರೆ ಗಿಳಿಗೆ ಇಲ್ಲದ ಬಣ್ಣಗಳು ಬರುತ್ತಿದ್ದವು. ಹೂಂ ನಿಂತುಹೋದರೆ ಅವಳೂ ನಿಲ್ಲಿಸುತ್ತಿದ್ದಳು, ಮರುದಿನ ಬಿಟ್ಟಲ್ಲಿಂದ ಶುರು. ಆ ಕತೆಗಳನ್ನು ಅರ್ಧ ಅವಳು ಹೇಳಿದಳು, ಇನ್ನರ್ಧ ನಮ್ಮ ಹೂಂಗಳು ಹೇಳಿಸಿದವು.

ನಮ್ಮ ಜಿಲ್ಲೆಯ ಗೀಗೀ ಮೇಳದಲ್ಲೂ ಅದೇ ವಿದ್ಯೆ. ಮುಂದೆ ನಿಂತವರು ದಪ್ಪು ಬಡಿದು ಒಂದು ನುಡಿ ಎತ್ತುತ್ತಾರೆ. ಹಿಂದಿನ ಇಬ್ಬರು ತುಂತುಣಿ, ತಾಳ ಹಿಡಿದು ಗೀಗೀ ಎಂದು ಸೊಲ್ಲು ಕೂಡಿಸುತ್ತಾರೆ. ಹಾಗೆ ನೋಡಿದರೆ ಆ ಸೊಲ್ಲಿಗೆ ಅರ್ಥವೇ ಇಲ್ಲ. ಅದು ಮುಂದಿನವರಿಗೆ ಉಸಿರು ಎಳೆದುಕೊಳ್ಳಲು, ಮುಂದಿನ ನುಡಿ ಹೊಂದಿಸಲು ಎಡೆ ಕೊಡುತ್ತದೆ. ಹುಲಕುಂದದ ಭೀಮಕವಿ ಸ್ವಾತಂತ್ರ್ಯ ಚಳವಳಿಯ ಹಾಡುಗಳನ್ನು ಕಟ್ಟಿ ಊರೂರಿಗೆ ಮುಟ್ಟಿಸಿದ್ದು ಇದೇ ಗೀಗೀಯಿಂದ. ಹರದೇಶಿ ನಾಗೇಶಿಯ ವಾದ ಬಿತ್ತೆಂದರಂತೂ ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ, ಬೆಳತನಕ ಸವಾಲು ಜವಾಬು. ಕೂತ ಮಂದಿ ಖುಷಿಯಾದಾಗ ನೋಟು ಹಿಡಿದು ಆಯೇರಿ ಮಾಡುತ್ತಾರೆ, ಮೇಳದವರು ಕೊಟ್ಟವರ ಹೆಸರು ಕೂಗುತ್ತಾರೆ. ಇಂದಿನ ಲೈಕಿಗೆ ಬಹಳ ಹತ್ತಿರದ ಪದ್ಧತಿ. ಆದರೆ ಆಯೇರಿ ಮಾಡಿದವನು ಎದ್ದು ಮನೆಗೆ ಹೋಗುವುದಿಲ್ಲ. ಮರಳಿ ಬಂದು ತನ್ನ ಜಾಗದಲ್ಲೇ ಕೂರುತ್ತಾನೆ, ಆ ಸವಾಲಿಗೆ ಜವಾಬು ಏನು ಬರುತ್ತದೆಂದು ಅವನಿಗೆ ಕೇಳಬೇಕಾಗಿದೆ.

ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹುಡುಗ ಮುಂದೆ ಕುಮಾರ ಗಂಧರ್ವರಾದರು. ಅವರ ಧ್ವನಿಮುದ್ರಿಕೆಗಳಲ್ಲಿ ನನಗೆ ತುಂಬ ಹಿಡಿಸುವವು ಬೈಠಕ್‌ಗಳಲ್ಲಿ ಮುದ್ರಿಸಿಕೊಂಡಂಥವು. ಒಂದು ಸ್ವರದ ಮೇಲೆ ಅವರು ಬಂದು ನಿಂತ ಕೂಡಲೇ ಯಾರೋ ಒಬ್ಬರ ಬಾಯಿಂದ "ವಾಹ್" ಹೊರಡುತ್ತದೆ. ಒಂದೇ ಅಕ್ಷರ. ಅದು ಬಿದ್ದ ಜಾಗ ನೋಡಬೇಕು. ಅರ್ಧ ಮಾತ್ರೆ ಮುಂಚೆ ಬಂದಿದ್ದರೂ ಸುಳ್ಳಾಗುತ್ತಿತ್ತು. ಅದು ಬಿದ್ದ ಮೇಲೆ ಹಾಡುವವರು ಅದೇ ಜಾಗಕ್ಕೆ ಇನ್ನೊಂದು ದಾರಿಯಿಂದ ಬರುತ್ತಾರೆ. ಆಯಿಯ ಗಿಳಿಗೆ ಬಣ್ಣ ಬಂದ ಹಾಗೆಯೇ ಇದು.

ಹೂಂ, ಗೀಗೀ, ವಾಹ್ ಎಲ್ಲವೂ ಹೇಳುವವರ ಸಲುವಾಗಿ ಇರುವಂಥವು. ಹೇಳಿರಿ, ನಾವಿದ್ದೇವೆ ಅನ್ನುತ್ತವೆ. ಹೆಬ್ಬೆಟ್ಟಿನ ಗುಂಡಿ ಇರುವುದು ಕೇಳುವವರ ಸಲುವಾಗಿ. ನೋಡಿದೆ, ನನ್ನ ಕೆಲಸ ಮುಗಿಯಿತು, ಇನ್ನು ನನ್ನನ್ನು ಬಿಡಿರಿ ಎಂದು ಅದರ ಅರ್ಥ. ಒತ್ತುವವರು ಹಾಗೆಂದು ಅಂದುಕೊಂಡು ಒತ್ತುವುದಿಲ್ಲ, ಬಹಳ ಜನ ಪ್ರೀತಿಯಿಂದಲೇ ಒತ್ತುತ್ತಾರೆ. ಆದರೂ ಆಚೆ ಕಡೆ ಮುಟ್ಟುವುದು ಹಾಗೆ.

ಅದು ಏನಾಗಿ ಮುಟ್ಟುತ್ತದೆ ಎಂಬ ತಕರಾರು ಕೋರ್ಟು ಕಚೇರಿಯವರೆಗೂ ಹೋಗಿದೆ. ಕೆನಡಾದ ಸಸ್ಕಾಚುವಾನ್ ಪ್ರಾಂತದಲ್ಲಿ 2021ರಲ್ಲಿ ಧಾನ್ಯ ಖರೀದಿಸುವವನೊಬ್ಬ ಅಗಸೆಯ ಕರಾರುಪತ್ರದ ಫೋಟೋ ಕಳಿಸಿ, ಒಪ್ಪಿಗೆ ತಿಳಿಸು ಎಂದು ರೈತನಿಗೆ ಬರೆದ. ರೈತ ಒಂದು ಹೆಬ್ಬೆಟ್ಟು ಕಳಿಸಿದ. ಅಗಸೆ ಕೊಡಬೇಕಾದ ತಿಂಗಳು ಬಂತು, ದರ ಏರಿತ್ತು, ಅಗಸೆ ಬರಲಿಲ್ಲ. ಕಾಗದ ಮುಟ್ಟಿತು ಎಂಬುದಷ್ಟೇ ನನ್ನ ಹೆಬ್ಬೆಟ್ಟಿನ ಅರ್ಥ ಎಂದ ರೈತ. ಕೋರ್ಟು ಒಪ್ಪಲಿಲ್ಲ. 2023ರಲ್ಲಿ ಸುಮಾರು 82 ಸಾವಿರ ಕೆನಡಾ ಡಾಲರ್ ಕೊಡು ಎಂದು ತೀರ್ಪಾಯಿತು. ದಿನಾ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ಉಣ್ಣುವ ನಮ್ಮ ಕಡೆಯವರಿಗೆ ಈ ಮೊಕದ್ದಮೆ ಬಹಳ ದೂರದ್ದೆನಿಸಲಾರದು. ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಕತೆ ಊರಿಗೊಂದಿದೆ.

ಮದ್ರಾಸ್ ಹೈಕೋರ್ಟಿನ ಮುಂದೆ ಬಂದದ್ದು ಬೇರೆ ಬಗೆಯದು. 2018ರಲ್ಲಿ ರೈಲ್ವೆ ಸುರಕ್ಷಾ ಪಡೆಯ ಅಧಿಕಾರಿಯೊಬ್ಬರ ಕೊಲೆಯಾಯಿತು. ಆ ಸುದ್ದಿ ಪಡೆಯವರ ವಾಟ್ಸಾಪ್ ಗ್ರೂಪಿನಲ್ಲಿ ಬಂದಾಗ ಒಬ್ಬ ಕಾನ್‌ಸ್ಟೇಬಲ್ ಹೆಬ್ಬೆಟ್ಟಿನ ಚಿತ್ರ ಹಾಕಿದ. ಕೊಲೆಗೆ ಖುಷಿಪಟ್ಟ ಎಂದು ಅವನ ನೌಕರಿ ಹೋಯಿತು. ಓದಿದ್ದೇನೆ ಎಂದು ತಿಳಿಸಲು ಹಾಕಿದೆ ಎಂಬ ಅವನ ಮಾತನ್ನು ಹೈಕೋರ್ಟು ನಂಬಿತು, ಅವನನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕೆಂಬ ಆದೇಶವನ್ನು 2024ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಒಂದು ಕೋರ್ಟು ಹೆಬ್ಬೆಟ್ಟನ್ನು ಒಪ್ಪಿಗೆ ಅಂದಿತು, ಇನ್ನೊಂದು ಬರೀ ಪೋಚಪಾವತಿ ಅಂದಿತು. ಎರಡೂ ಸರಿಯೇ ಇರಬಹುದು. "ಅಯ್ಯೋ, ಯಾವಾಗ ಆತು ಇದು?" ಎಂದು ಕೇಳಿದ್ದರೆ ಆ ಮನುಷ್ಯನ ಮನಸ್ಸು ತಿಳಿಯಲು ಯಾವ ನ್ಯಾಯಾಧೀಶರೂ ಬೇಕಾಗುತ್ತಿರಲಿಲ್ಲ.

ಬೆಳಗಾವಿಯಲ್ಲಿ ಈ ಗುರುತುಗಳಿಗೆ ಇನ್ನೊಂದು ಭಾರವೂ ಇದೆ. ನಮ್ಮ ಓಣಿಗಳಲ್ಲಿ ಒಂದು ಗೋಡೆಯ ಆಚೆ ಕನ್ನಡ, ಈಚೆ ಮರಾಠಿ. ನವೆಂಬರ್ ಒಂದನೆಯ ತಾರೀಖು ಹತ್ತಿರ ಬಂತೆಂದರೆ ಓಣಿಯ ಗ್ರೂಪಿನಲ್ಲಿ ಯಾರೋ ಒಂದು ಬಾವುಟ, ಇನ್ನಾರೋ ಇನ್ನೊಂದು ಬಾವುಟ ಹಾಕುತ್ತಾರೆ. ಕೂಡಲೇ ಅದರ ಬುಡದಲ್ಲಿ ಯಾರ ಹೃದಯ ಬಿತ್ತು, ಯಾರ ಸಿಟ್ಟಿನ ಮುಖ ಬಿತ್ತು ಎಂದು ಬೆರಳಿಟ್ಟು ನೋಡುವುದು ಶುರುವಾಗುತ್ತದೆ, ಹೆಸರು ಸಮೇತ ಕಾಣುತ್ತದಲ್ಲ. ಇಡೀ ವರ್ಷ ಸಕ್ಕರೆ, ಹೆಪ್ಪು ಕೊಟ್ಟು ತೆಗೆದುಕೊಂಡವರು ಒಂದು ವಾರ ಎರಡು ಪಟ್ಟಿಗಳಾಗಿ ನಿಲ್ಲುತ್ತಾರೆ. ಸಿಟ್ಟಿಗೆ ಬೆಲೆ ಕೊಟ್ಟವರೂ ಇದ್ದರು. ಫೇಸ್‌ಬುಕ್ 2017ರಿಂದ ಇಂಥ ಮುಖಗಳಿಗೆ, ಸಿಟ್ಟಿನ ಮುಖವೂ ಸೇರಿ, ಬರೀ ಲೈಕಿನ ಐದು ಪಟ್ಟು ತೂಕ ಕೊಟ್ಟು ಯಾವ ಬರಹ ಯಾರ ಕಣ್ಣಿಗೆ ಬೀಳಬೇಕೆಂದು ನಿರ್ಧರಿಸುತ್ತಿತ್ತು ಎಂಬುದು 2021ರಲ್ಲಿ ಆ ಕಂಪನಿಯ ಒಳಗಿನ ಕಾಗದಗಳಿಂದ ಹೊರಬಂತು. ಸಿಟ್ಟಿನ ತೂಕವನ್ನು ಅಷ್ಟರೊಳಗೆ ಅವರೇ ಸೊನ್ನೆಗೆ ಇಳಿಸಬೇಕಾಗಿ ಬಂದಿತ್ತು.

ಗಡಿನಾಡಿನ ಸಿಟ್ಟು ಮೊದಲೂ ಇತ್ತು. ಆದರೆ ಅದು ಮಾತಿನಲ್ಲಿ ಇದ್ದಾಗ ಅದಕ್ಕೆ ದನಿ ಇತ್ತು, ದನಿಯಲ್ಲಿ ಸಲಿಗೆಯೂ ಇರುತ್ತಿತ್ತು. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದ ಮರಾಠಿಯ ಪು.ಲ. ದೇಶಪಾಂಡೆಯವರು ಇಲ್ಲಿ ತಮಗೆ ಸಿಕ್ಕ ಗೆಳೆಯರೊಬ್ಬರ ಮೇಲೆ 'ರಾವಸಾಹೇಬ' ಎಂಬ ವ್ಯಕ್ತಿಚಿತ್ರ ಬರೆದಿದ್ದಾರೆ. ಮಹಾರಾಷ್ಟ್ರದ ಮನೆಮನೆಗೂ ಗೊತ್ತಿರುವ ಆ ರಾವಸಾಹೇಬರ ಮರಾಠಿಯಲ್ಲಿ ಕನ್ನಡದ ಒನಪು. ಲಿಂಗ ವಚನಗಳ ಹಂಗಿಲ್ಲ. ನಾಟಕ, ಸಂಗೀತವೆಂದರೆ ಜೀವ, ಹೆಚ್ಚು ಪ್ರೀತಿ ಬಂದಷ್ಟೂ ಹೆಚ್ಚು ಬೈಗುಳ. ಅಂಥ ಮನುಷ್ಯನ ಬೈಗುಳದಲ್ಲಿ ಎಷ್ಟು ಪಾಲು ಸಿಟ್ಟು, ಎಷ್ಟು ಪಾಲು ಅಂತಃಕರಣ ಎಂದು ಎದುರು ಕೂತವರಿಗೆ ಗೊತ್ತಾಗುತ್ತಿತ್ತು. ಕೆಂಪು ಮುಖದ ಚಿತ್ರದಲ್ಲಿ ಅದು ಗೊತ್ತಾಗುವುದಿಲ್ಲ. ನಮ್ಮ ಓಣಿಯ ಹಿರಿಯ ಮರಾಠಿ ಬಾಯಿಯೊಬ್ಬರು ಆ ವಾರದಲ್ಲಿ ಗ್ರೂಪನ್ನು ತೆರೆಯುವುದೇ ಇಲ್ಲ. ಗೋಡೆಯ ಮೇಲಿಂದ ಕೂಗಿ, "ಏನ್ ಮಾಡ್ಯಾರ ನಿಮ್ಮವರು ಇವತ್ತ?" ಎಂದು ಕೇಳುತ್ತಾರೆ; ನಾನು "ನಿಮ್ಮವರು ಏನ್ ಮಾಡ್ಯಾರ, ಅದ" ಅನ್ನುತ್ತೇನೆ. ಆಮೇಲೆ ಇಬ್ಬರೂ ಭರಲಿ ವಾಂಗಿಗೆ ಎಷ್ಟು ಶೇಂಗಾ ಹಾಕಬೇಕೆಂಬ ವಿಷಯಕ್ಕೆ ಬರುತ್ತೇವೆ. ಅದರಲ್ಲಿ ನಮ್ಮ ನಡುವಿನ ಭೇದ ಇನ್ನೂ ದೊಡ್ಡದು.

ಖಾನಾಪುರದಿಂದ ಜಾಂಬೋಟಿ ದಾಟಿದ ಮೇಲೆ ಊರುಗಳು ತೆಳುವಾಗುತ್ತವೆ, ಕಾಡು ದಟ್ಟವಾಗುತ್ತದೆ. ಭೀಮಗಡ ಅಭಯಾರಣ್ಯದ ಒಳಗಿನ ಹಳ್ಳಿಗಳಲ್ಲಿ ರಸ್ತೆಯೇ ಕಷ್ಟ, ಇನ್ನು ಸಿಗ್ನಲ್ ಎಲ್ಲಿಯದು. ಆ ದಿಕ್ಕಿನ ಒಂದು ಶಾಲೆಯಲ್ಲಿ ನಮ್ಮ ಬಳಗದ ಹುಡುಗಿಯೊಬ್ಬಳು ಪಾಠ ಹೇಳುತ್ತಾಳೆ. ಶಾಲೆ ಬಿಟ್ಟ ಮೇಲೆ ಅವಳು ಒಂದು ದಿಬ್ಬ ಹತ್ತುತ್ತಾಳೆ. ಅದರ ನೆತ್ತಿಯಲ್ಲಿ, ಒಂದು ಮತ್ತಿಮರದ ಆಚೆ ಮಗ್ಗುಲಲ್ಲಿ ನಿಂತರೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಕಳೆದ ಮಳೆಗಾಲದಲ್ಲಿ ಅವಳು ಅಲ್ಲಿ ನಿಂತು, ಒಂದು ಕೈಯಲ್ಲಿ ಕೊಡೆ ಹಿಡಿದು, ಬಳಗದ ಗ್ರೂಪಿಗೆ ಉದ್ದದ್ದೊಂದು ಬರೆದಳು. ಹಳ್ಳ ತುಂಬಿ ಹರಿಯುತ್ತಿತ್ತು, ಮಕ್ಕಳು ಬರಲಾರರು ಎಂದು ಶಾಲೆಯ ಬಾಗಿಲಲ್ಲಿ ನಿಂತಿದ್ದಳಂತೆ. ಎರಡನೆಯ ಇಯತ್ತೆಯ ಒಬ್ಬ ಹುಡುಗಿ ಅಪ್ಪನ ಹೆಗಲ ಮೇಲೆ ಕೂತು ಹಳ್ಳ ದಾಟಿ ಬಂದಳು. ತಲೆಯಿಂದ ಕಾಲಿನವರೆಗೆ ತೊಯ್ದಿದ್ದಳು. ಪಾಟಿ ಪುಸ್ತಕವನ್ನು ಮಾತ್ರ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎರಡೂ ಕೈಯಿಂದ ಎತ್ತಿ ಹಿಡಿದಿದ್ದಳು. ಅವತ್ತು ಶಾಲೆಗೆ ಬಂದವಳು ಅವಳೊಬ್ಬಳೇ.

ಮರುದಿನ ಅವಳು ಮತ್ತೆ ದಿಬ್ಬ ಹತ್ತಿ ನೋಡಿದಾಗ ಗ್ರೂಪಿನ ತುಂಬ ಹೃದಯಗಳಿದ್ದವು. ದೀಪಾವಳಿಗೆ ಬಂದಾಗ ನನ್ನ ಹತ್ತಿರ ಅದನ್ನೇ ಹೇಳಿದಳು: "ಹಾರ್ಟ್ ಬಾಳ ಬಂದಿದ್ದೂ ಅಕ್ಕಾ. ಆ ಹುಡಿಗಿ ಹೆಸರೇನಂತ ಯಾರೂ ಕೇಳಲಿಲ್ಲ." ಹೆಸರು ಕೇಳಿದ್ದರೆ ಅವಳು ಅಂದು ಇಡೀ ದಿನ ಆ ಒಂದು ಮಗುವಿನ ಜೊತೆ ಹೇಗೆ ಕಳೆದಳು, ಇಬ್ಬರೂ ಅಡಿಗೆಯವಳ ಒಲೆ ಮುಂದೆ ಕೂತು ಲಂಗ ಒಣಗಿಸಿಕೊಂಡದ್ದು, ಮಗು ಅವಳಿಗೆ ಯಾವ ಅಣಬೆ ತಿನ್ನಬಹುದು, ಯಾವುದು ತಿನ್ನಬಾರದು ಎಂದು ಪಾಠ ಹೇಳಿದ್ದು ಎಲ್ಲ ಬರುತ್ತಿತ್ತು. ನನಗೆ ಅದೆಲ್ಲ ತಿಳಿದದ್ದು ಹಬ್ಬದ ಮನೆಯಲ್ಲಿ, ಕಡುಬಿಗೆ ಹೂರಣ ತುಂಬುತ್ತ ಕೂತಾಗ.

ಸಾವಿನ ಸುದ್ದಿಯ ಕೆಳಗೆ ಬೀಳುವ ಮುಗಿದ ಕೈಗಳ ಬಗ್ಗೆ ಹೇಳದೆ ಇರಲಾರೆ. ನಮ್ಮ ಕಡೆ ಒಬ್ಬರು ಹೋದರೆಂದರೆ ಮಣ್ಣು ಕೊಟ್ಟು ಬಂದ ಮೇಲೂ ಮಾತಾಡಿಸಲು ಹೋಗುವುದು ಇರುತ್ತದೆ. ಅಲ್ಲಿ ಹೋದವರು ಏನೂ ಹೇಳಬೇಕಾಗಿಲ್ಲ. ಚಾಪೆಯ ಮೇಲೆ ಕೂತು "ಏನಾಗಿತ್ತವ್ವಾ?" ಅಂದರೆ ಸಾಕು. ಆಕೆ ಶುರು ಮಾಡುತ್ತಾಳೆ. "ಏನೂ ಆಗಿರಲಿಲ್ಲರೀ. ರಾತ್ರಿ ಊಟಕ್ಕ ಕೂತ್ರು, ಅನ್ನ ಒಲ್ಲೆ ಅಂದ್ರು, ಬರೇ ಮಜ್ಜಿಗಿ ಕುಡದ್ರು. ಮುಂಜಾನೆ ನಾಕಕ್ಕ ನೀರು ಕೇಳಿದ್ರು..." ಇದನ್ನೇ ಆಕೆ ಬಂದವರೆಲ್ಲರಿಗೂ ಹೇಳುತ್ತಾಳೆ. ಮೊದಲ ದಿನ ನೀರು ಕೇಳಿದ ಜಾಗದಲ್ಲಿ ಗಂಟಲು ಕಟ್ಟುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ಆ ಜಾಗವನ್ನು ದಾಟುತ್ತಾಳೆ, ನಡುವೆ ಅವರು ಮಜ್ಜಿಗೆಗೆ ಉಪ್ಪು ಕಡಿಮೆಯಾಯಿತೆಂದು ರೇಗಿದ್ದೂ ನೆನಪಾಗುತ್ತದೆ. ಹತ್ತನೆಯ ದಿನ ಬಂದವರೆದುರು ಆ ರೇಗಿದ್ದನ್ನು ಹೇಳಿ ತಾನೇ ಒಂದು ಸಣ್ಣ ನಗು ನಗುತ್ತಾಳೆ. ಕೇಳುವ ಒಬ್ಬೊಬ್ಬರೂ ಆಕೆಯನ್ನು ಅಷ್ಟಷ್ಟು ದೂರ ದಾಟಿಸಿರುತ್ತಾರೆ. ಗ್ರೂಪಿನಲ್ಲಿ ಕೈ ಮುಗಿದು, ಅಲ್ಲಿಗೆ ಮುಗಿಯಿತೆಂದು ಆ ಮನೆಯ ಕಡೆ ಹೋಗದೆ ಉಳಿಯುವವರು ಹೆಚ್ಚುತ್ತಿದ್ದಾರೆ. ಇದು ನನಗೆ ನೋವಿನ ವಿಷಯ. ಆಕೆ ಬರೀ ಮಜ್ಜಿಗೆಯ ಹತ್ತಿರವೇ ನಿಂತುಬಿಟ್ಟರೆ ಏನು ಗತಿ?

ಇಷ್ಟೆಲ್ಲ ಇದ್ದರೂ ನಾನು ಯಾವ ಗ್ರೂಪನ್ನೂ ಬಿಟ್ಟಿಲ್ಲ. ಬಿಡದಿರಲು ಖಾನಾಪುರದ ಹಳೆ ಗೆಳೆಯರ ಗ್ರೂಪು ಒಂದು ಕಾರಣ, ಅದರಲ್ಲಿರುವ ನಮ್ಮ ಮಾಸ್ತರರು ಇನ್ನೊಂದು. ನಮಗೆ ಗಣಿತ ಹೇಳಿದವರು, ಈಗ ಎಂಬತ್ತರ ಹತ್ತಿರ. ಅವರಿಗೆ ಆ ಗುಂಡಿಯನ್ನು ಒತ್ತಲು ಬರುತ್ತದೆ, ಒತ್ತುವುದಿಲ್ಲ. ಒಂದು ಆಷಾಢದ ಮುಂಜಾನೆ ನಮ್ಮ ಜೊತೆ ಕಲಿತವನೊಬ್ಬ ಬಿದ್ದ ಗೋಡೆಯ ಫೋಟೋ ಹಾಕಿ "ರಾತ್ರಿ ಮಳಿಗೆ ಗ್ವಾಡಿ ಬಿತ್ತು" ಎಂದಷ್ಟೇ ಬರೆದ. ಅಳುಮುಖಗಳು, ಮುಗಿದ ಕೈಗಳು ಬಿದ್ದವು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಯಾರದೋ ಮಗಳ ಹುಟ್ಟುಹಬ್ಬ ಬಂದು ಕೂತಿತು. ಆಗ ಮಾಸ್ತರರು ಎದ್ದರು.

"ಗ್ವಾಡಿ ಯಾವ ಕಡಿದು? ಓಣಿ ಕಡಿದೋ, ಹಿತ್ತಲ ಕಡಿದೋ?"

"ಹಿತ್ತಲದ್ದು ಸರ್. ದನದ ಕೊಟ್ಟಿಗಿ ಮ್ಯಾಲ ಬಿತ್ತು."

"ಎಮ್ಮಿ?"

"ಎಮ್ಮಿ ಆರಾಮ ಐತ್ರಿ ಸರ್. ಅದ ಒದರಿ ಒದರಿ ನಮ್ಮನ್ನ ಎಬ್ಬಿಸ್ತು. ಬಿಚ್ಚಿ ಹೊರಗ ತಂದೇವಿ, ಆಮ್ಯಾಲ ಬಿತ್ತು. ಅವ್ವ ಅಲ್ಲೇ ಪಡಸಾಲ್ಯಾಗ ಮಲಗಿದ್ಲು."

ಆ ಪಡಸಾಲೆಯನ್ನು ನಾವೆಲ್ಲ ಬಲ್ಲೆವು. ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು ಅವನ ಅವ್ವ ಕೊಟ್ಟ ಅವಲಕ್ಕಿ ತಿಂದವರು. ಒಬ್ಬೊಬ್ಬರೇ ಬರೆಯತೊಡಗಿದರು. ಅವ್ವನಿಗೆ ಈಗ ಕಣ್ಣು ಕಾಣುತ್ತದೆಯೇ ಎಂದು ಒಬ್ಬಳು, ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಇನ್ನೊಬ್ಬ, ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಡುವ ಮೊದಲು ಪಂಚನಾಮೆ ಆಗಬೇಕು, ಮಣ್ಣು ತೆಗೆಯಬೇಡ ಎಂದು ಮತ್ತೊಬ್ಬ. ಕೊಟ್ಟಿಗೆಯ ಹಂಚು ಪೂರ್ತಿ ಪುಡಿಯಾಗಿದೆ ಎಂಬುದು ಸಂಜೆ ಹೊತ್ತಿಗೆ ಹೊರಬಂತು. ಖಾನಾಪುರದ ಹಂಚಿನ ಕಾರ್ಖಾನೆಗಳ ಹೆಸರು ಒಂದು ಕಾಲಕ್ಕೆ ಈ ಭಾಗದ ಮನೆಮನೆಯ ಮಾಡಿನ ಮೇಲಿತ್ತು. ಅಂಥ ಹಳೆಯ ಹಂಚು ಈಗ ಅಂಗಡಿಯಲ್ಲಿ ಹೊಂದಿಕೆಯಾಗಿ ಸಿಗುವುದು ಕಷ್ಟ. ಇಟಗಿ ಕಡೆಯ ಗೆಳೆಯನೊಬ್ಬ, ತಾವು ಹಳೆ ಮನೆ ಇಳಿಸಿದಾಗ ತೆಗೆದಿಟ್ಟ ಹಂಚು ಹಿತ್ತಲಲ್ಲಿ ಒಟ್ಟಿದ್ದೇವೆ, ಬಂದು ಒಯ್ಯಿರಿ, ದುಡ್ಡಿನ ಮಾತು ಎತ್ತಬೇಡಿರಿ ಎಂದು ಬರೆದ. ಟ್ರ್ಯಾಕ್ಟರ್ ಒಬ್ಬನದು, ಡೀಸೆಲ್ ಇನ್ನೊಬ್ಬನದು ಎಂದಾಯಿತು. ಹಂಚು ಏರಿಸಿ ಇಳಿಸಲು ಆಳು ಬೇಕಲ್ಲ ಎಂದು ಮಾಸ್ತರರು ಕೇಳಿದರು. ಮೂವರು ತಮ್ಮ ಹೆಸರು ಬರೆದರು. ನಾಲ್ಕನೆಯವನು ಹೆಬ್ಬೆಟ್ಟು ಒತ್ತಿದ.

"ಇದರ ಅರ್ಥ ಏನೋ ತಮ್ಮಾ?" ಎಂದು ಮಾಸ್ತರರು ಬರೆದರು. "ಬರಾಂವೋ, ಇಲ್ಲ ನಾವ್ ಬಂದಿದ್ದ ನೋಡಿ ಖುಷಿಪಡಾಂವೋ?"

"ರವಿವಾರ ಮುಂಜಾನೆ ಏಳಕ್ಕ ಟ್ರ್ಯಾಕ್ಟರ್ ಹತ್ತಿರ ಇರ್ತೇನ್ರಿ ಸರ್," ಎಂದು ಉತ್ತರ ಬಂತು. "ಬುತ್ತಿ ನಮ್ಮ ಮನ್ಯಾಂದ ತರ್ತೇನಿ. ಎಷ್ಟ ಮಂದಿಗೆ ಅಂತ ಹೇಳ್ರಿ."